ಕಿವಿ ಮುಚ್ಚಿಕೊಂಡು ಕೇಳಿ

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ತುಕ್ಕು ಹಿಡಿದ ಒಂದು ಗೇಟಿನ ಮುಂದೆ ಬಿಸಿಲಿಗೆ ತಲೆ ಕೊಟ್ಟು ನಿಂತಿದ್ದ ನನಗೆ ನನ್ನದೇ ಫೋನು ಅಪ್ಪಣೆ ಕೊಟ್ಟಿತು: “ಇಯರ್‌ಫೋನ್ ಹಾಕಿಕೊಳ್ಳಿ. ಹೊರಗಿನ ಸದ್ದನ್ನು ಅಡಗಿಸುವ ಗುಂಡಿ ಒತ್ತಿ. ಈಗ ಈ ಊರಿನ ದನಿಗೆ ಕಿವಿಗೊಡಿ.”

ಮೊದಲಿನ ಎರಡನ್ನು ಪಾಲಿಸಿದ ಮೇಲೆ ಮೂರನೆಯದನ್ನು ಪಾಲಿಸುವುದು ಹೇಗೋ ಎಂದು ಪಕ್ಕದಲ್ಲಿದ್ದ ಅಕ್ಕನ ಮಗನನ್ನು ಕೇಳಿದೆ. ಅವನಿಗೆ ಕೇಳಿಸಲಿಲ್ಲ. ಅವನು ಆಗಲೇ ಎರಡನ್ನೂ ಪಾಲಿಸಿಬಿಟ್ಟಿದ್ದ.

ಇದಕ್ಕೆ ಧ್ವನಿ ನಡಿಗೆ ಎನ್ನುತ್ತಾರೆ. ಒಂದೊಂದು ಜಾಗದಲ್ಲಿ ನಿಂತಾಗ ಒಂದೊಂದು ಕತೆ ಕಿವಿಗೆ ಬೀಳುತ್ತದೆ. ನೀವು ನಿಂತಿರುವುದು ಎಲ್ಲಿ ಎಂದು ಉಪಗ್ರಹ ನೋಡಿಕೊಳ್ಳುತ್ತದೆ. ಹೊಸ ರೋಗವೇನಲ್ಲ, ಜಾನೆಟ್ ಕಾರ್ಡಿಫ್ ಎಂಬ ಕೆನಡಾದ ಕಲಾವಿದೆ 1991ರಲ್ಲೇ ಜನರ ಕಿವಿಗೆ ಟೇಪು ತಗುಲಿಸಿ ಕಾಡಿನಲ್ಲಿ ನಡೆಸಿದ್ದರು. ಆಕೆಯ ಕಸುಬು ಬೇರೆ ಥರದ್ದು. ಯಾವ ಜಾಗದಲ್ಲಿ ನಡೆಸುತ್ತಾರೋ ಅದೇ ಜಾಗದ ಸದ್ದನ್ನು ಮುದ್ರಿಸಿಕೊಂಡು, ನಿಜವಾದ ಸದ್ದಿನ ಜೊತೆ ಬೆರೆಸಿಬಿಡುವುದು. ಹಿಂದೆ ಯಾರೋ ನಡೆದು ಬಂದಂತಾಗಿ ನೀವು ತಿರುಗಿ ನೋಡಬೇಕು. ನಮ್ಮ ನಡಿಗೆಯಲ್ಲಿ ಆ ತೊಂದರೆ ಇರಲಿಲ್ಲ. ಹಿಂದೆ ನಿಜವಾಗಿಯೇ ಹಸು ಬಂದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಬಂತು ಕೂಡ.

ತಲೆಗೆ 1,200 ರೂಪಾಯಿ. ಮೇಲೆ ಶೇ. 18 ಜಿಎಸ್‌ಟಿ. ಕಾರ್ಮಿಕರ ಕಣ್ಣೀರು ಯಾವ ಸರಕಿನ ಪಟ್ಟಿಯಲ್ಲಿ ಬರುತ್ತದೆಂದು ರಸೀದಿಯಲ್ಲಿ ಬರೆದಿರಲಿಲ್ಲ. “ಮಾವ, ನಿಮ್ಮ ಹುಟ್ಟುಹಬ್ಬಕ್ಕೆ ನನ್ನ ಗಿಫ್ಟು” ಎಂದು ಅಕ್ಕನ ಮಗ ಟಿಕೆಟ್ ಮಾಡಿಸಿ, ಶನಿವಾರ ಬೆಳಿಗ್ಗೆ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಬಂಗಾರಪೇಟೆ ಸಮೀಪಿಸುವಾಗ ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಹೊರಟ ರೈಲೊಂದು ಎದುರಾಯಿತು. ಬಾಗಿಲಲ್ಲಿ ಜನ ಜೇನುಹುಟ್ಟಿನಂತೆ ಜೋತುಬಿದ್ದಿದ್ದರು. ಕೆಜಿಎಫ್‌ನವರು ಅನ್ನ ಹುಡುಕಿಕೊಂಡು ನೂರು ಕಿಲೋಮೀಟರು ಆ ಕಡೆ ಹೋಗುತ್ತಿದ್ದರು. ಅವರ ಕತೆ ಕೇಳಲು ನಾವು ನೂರು ಕಿಲೋಮೀಟರು ಈ ಕಡೆ ಬರುತ್ತಿದ್ದೆವು. ಕಿಟಕಿ ಇಳಿಸಿದ್ದರೆ ರೈಲ್ವೆ ಗೇಟಿನಲ್ಲೇ ಕೆಲಸ ಮುಗಿಯುತ್ತಿತ್ತೇನೋ. ಎ.ಸಿ. ಹಾಕಿತ್ತು.

ನಡಿಗೆಗೆ ಒಟ್ಟು ಹದಿಮೂರು ಜನ. ಖಾದಿ ಕುರ್ತಾ, ಅಗಲ ಅಂಚಿನ ಟೋಪಿ, ತಾಮ್ರದ ನೀರಿನ ಬಾಟಲಿ. ಆ್ಯಪ್ ತೆರೆಯಲು ಮೊದಲು ಹೆಬ್ಬೆರಳು ಒತ್ತಿ ಎಂದಿತು, ಒತ್ತಿದೆ. ಹೆಸರು, ವಯಸ್ಸು, ನೀವು ಇರುವ ಜಾಗ, ನಿಮ್ಮ ಸಂಪರ್ಕಗಳ ಪಟ್ಟಿ ಎಲ್ಲವನ್ನೂ ಕೇಳಿತು. ಕತೆ ಹೇಳುವ ಮೊದಲು ಅಜ್ಜಿ ಇಷ್ಟೆಲ್ಲ ವಿಚಾರಿಸುತ್ತಿರಲಿಲ್ಲ.

ಗೇಟಿನ ಮೇಲೆ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ ಎಂಬ ಹಳೆಯ ಬೋರ್ಡು. ಅಪ್ಪಣೆ ನಮಗಿರಲಿಲ್ಲ. ಹಾಗಾಗಿ ಗಣಿಯ ನಡಿಗೆಯಲ್ಲಿ ಗಣಿ ಇರಲಿಲ್ಲ, ಗಣಿಯ ಕಾಂಪೌಂಡು ಇತ್ತು. ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ ಗೋಡೆಯಾಚೆ ದೂರದಲ್ಲಿ ಕಾಣುತ್ತಿತ್ತು. ಗರ್ಭಗುಡಿಗೆ ಬೀಗ ಹಾಕಿದ ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದಂತೆ ನಾವು ಹೊರಟೆವು.

ಆಗ ದನಿ ಶುರುವಾಯಿತು. ಹೆಣ್ಣು ದನಿ. ನೆಗಡಿ ಆಗಿ ಈಗಷ್ಟೇ ವಾಸಿಯಾದಂಥ ದನಿ.

“ನಾನು... ಗಣಿ. ನಾನು... ಮಲಗಿದ್ದೇನೆ. ನನ್ನ... ಗರ್ಭದಲ್ಲಿ... ಕತ್ತಲಿದೆ.”

ಈ ಚುಕ್ಕೆಗಳು ನನ್ನವಲ್ಲ, ಆಕೆಯವು. ಪ್ರತಿ ಚುಕ್ಕೆಗೂ ಹಿಂದಿನಿಂದ ಕೊಳಲು. ಈಚೆಗೆ ನಮ್ಮಲ್ಲಿ ಯಾವ ವಸ್ತುವೂ ಸುಮ್ಮನಿರುವುದಿಲ್ಲ, ಎಲ್ಲಕ್ಕೂ ಆತ್ಮಕಥೆ. ಕೆರೆ ಮಾತಾಡುತ್ತದೆ, ಕೋಟೆ ಮಾತಾಡುತ್ತದೆ, ಬಿದ್ದ ಮರ ಮಾತಾಡುತ್ತದೆ. ಇದರಲ್ಲೊಂದು ಅನುಕೂಲವಿದೆ. ಗಣಿಯೇ ಮಾತಾಡಿದರೆ ಗಣಿಯಲ್ಲಿ ದುಡಿದವರನ್ನು ಮಾತಾಡಿಸುವ ಗೋಜಿಲ್ಲ. ಗಣಿ ಬಾಕಿ ಸಂಬಳ ಕೇಳುವುದಿಲ್ಲ. ಕ್ವಾರ್ಟರ್ಸಿನ ಹಕ್ಕುಪತ್ರ ಕೇಳುವುದಿಲ್ಲ. ಧ್ವನಿಮುದ್ರಣಕ್ಕೆ ಬಂದು ಸ್ಟುಡಿಯೋದಲ್ಲಿ ಕೆಮ್ಮುವುದೂ ಇಲ್ಲ. ಗಣಿಯ ಕೆಮ್ಮಿಗೆ ಸಿಲಿಕೋಸಿಸ್ ಎಂದು ಹೆಸರಿದೆ. ಬಂಡೆಯ ಧೂಳು ಶ್ವಾಸಕೋಶದಲ್ಲಿ ಕೂತು ಆಗುವಂಥದ್ದು. ಅದು ಗಣಿಗೆ ಬರುವುದಿಲ್ಲ, ಮನುಷ್ಯರಿಗೆ ಬರುತ್ತದೆ.

‘ಗರ್ಭ’ ಎಂಬ ಮಾತು ಮೊದಲ ಹತ್ತು ನಿಮಿಷದಲ್ಲಿ ಏಳು ಸಲ ಬಂತು. ಎಣಿಸಿದೆ. ಕೆಲಸ ಮಾಡಿದವರು ಆ ಜಾಗಕ್ಕೆ ‘ಅಂಡರ್‌ಗ್ರೌಂಡ್’ ಎನ್ನುತ್ತಾರೆ.

ಮೊದಲ ಕತೆ ವಾರೆನ್‌ದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಗಡಿ ಅಳೆಯುತ್ತ ಬಂದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಈ ಕಡೆ ಚಿನ್ನ ಸಿಗುತ್ತದೆಂಬ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು, ಚಿನ್ನದ ಕಣ ತೋರಿಸಿದರು. “ಹೀಗೆ ವಾರೆನ್ ಕೋಲಾರದ ಚಿನ್ನವನ್ನು ಕಂಡುಹಿಡಿದನು” ಎಂದಿತು ದನಿ. ತಂದವರು ಹಳ್ಳಿಯವರು, ತೊಳೆದವರು ಹಳ್ಳಿಯವರು, ತೋರಿಸಿದವರೂ ಹಳ್ಳಿಯವರು. ಕಣ್ಣು ಬಿಟ್ಟು ನೋಡಿದ್ದು ವಾರೆನ್ ಮಾಡಿದ ಕೆಲಸ. ದಿನಾ ಬೆಳಿಗ್ಗೆ ನನ್ನ ಹೆಂಡತಿ ತಂದಿಟ್ಟ ಕಾಫಿಯನ್ನು ನಾನು ಕಂಡುಹಿಡಿಯುವುದೂ ಹೀಗೆಯೇ.

ಆಮೇಲೆ ಲ್ಯಾವೆಲ್. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ. ವಾರೆನ್‌ನ ಹಳೆಯ ವರದಿ ಓದಿ 1871ರಲ್ಲಿ ಎತ್ತಿನ ಗಾಡಿ ಹತ್ತಿದ, 1873ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ, ಅಗೆದ, ಕೈ ಖಾಲಿಯಾಯಿತು, ಹಕ್ಕನ್ನು ಬೇರೆಯವರಿಗೆ ದಾಟಿಸಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆಯೇ ಇಲ್ಲಿ ಚಿನ್ನಕ್ಕೆ ಚಿನ್ನದ ಕಾಲ. ಲ್ಯಾವೆಲ್‌ನ ಕತೆಯಲ್ಲಿ ನನಗೆ ಇಷ್ಟವಾಗುವುದು ಕೊನೆ. ಅವನಿಗೆ ಸಿಗದ ಚಿನ್ನ ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಚದರಡಿ ಲೆಕ್ಕದಲ್ಲಿ ಸಿಗುತ್ತಿದೆ, ಅದೂ ಅಗೆಯದೆ. ನಮ್ಮ ಗುಂಪಿನ ಒಬ್ಬಾಕೆಯ ಆಫೀಸು ಅಲ್ಲೇ ಅಂತೆ. ಹೆಸರಿನ ಗುಟ್ಟು ಇವತ್ತು ಗೊತ್ತಾಯಿತು ಎಂದು ಖುಷಿಪಟ್ಟರು. ಬಂದದ್ದಕ್ಕೆ ಅಷ್ಟಾದರೂ ವಸೂಲಾಯಿತು.

ಮೂರನೆಯ ನಿಲುಗಡೆಯಲ್ಲಿ ಕರೆಂಟಿನ ಕತೆ. ಇದನ್ನು ದನಿ ಚೆನ್ನಾಗಿಯೇ ಹೇಳಿತು, ಇಲ್ಲವೆನ್ನುವುದಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಶಿವನಸಮುದ್ರದ ಯೋಜನೆ. ಕಾವೇರಿಯಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು 1902ರಲ್ಲಿ ಇಲ್ಲಿಗೆ ಬಂತು. ಆ ಕಾಲಕ್ಕೆ ಅಷ್ಟು ದೂರ ಕರೆಂಟು ಸಾಗಿಸಿದವರು ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೂರು ವರ್ಷ ಬೆಂಗಳೂರು ಸೀಮೆಎಣ್ಣೆಯ ಹೊಗೆ ಕುಡಿಯುತ್ತಿದ್ದಾಗ ಇಲ್ಲಿ ಯಂತ್ರಗಳು ಕರೆಂಟು ಕುಡಿಯುತ್ತಿದ್ದವು. ಕರೆಂಟು ಬಂದದ್ದು ಯಂತ್ರಕ್ಕೆ ಎಂಬುದನ್ನು ಮಾತ್ರ ದನಿ ಒತ್ತಿ ಹೇಳಲಿಲ್ಲ. ಗುಡ್ಡದ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಮುದ್ದಿನ ಹೆಸರು. ಕೆಳಗೆ ಉತ್ತರ ಆರ್ಕಾಟಿನಿಂದ ಬಂದ ತಮಿಳು ಕೂಲಿಗಳು, ಹೆಚ್ಚಿನವರು ದಲಿತರು, ಬಿದಿರ ತಟ್ಟಿಯ ಗುಡಿಸಲಲ್ಲಿ. ಆ ಕಡೆಯ ಹೆಸರು ಇಂಗ್ಲೆಂಡ್ ಅಲ್ಲ, ಲೈನು.

ಈ ಭಾಗ ಕೇಳುತ್ತಿದ್ದಾಗಲೇ ಬೀದಿಯಲ್ಲಿ ಕರೆಂಟು ಹೋಯಿತು. ಅದು ಕಾರ್ಯಕ್ರಮದ ಭಾಗವೆಂದು ತಿಳಿದು ಇಬ್ಬರು ಚಪ್ಪಾಳೆ ತಟ್ಟಿದರು.

ಆಮೇಲೆ ಇಳಿಯುವ ಭಾಗ. ಇದೇ ಈ ನಡಿಗೆಯ ಹೆಗ್ಗಳಿಕೆಯಂತೆ, ಜಾಹೀರಾತಿನಲ್ಲೂ ಇದೇ. “ಕಣ್ಣು ಮುಚ್ಚಿ. ನೀವೀಗ ಕೇಜ್‌ನಲ್ಲಿದ್ದೀರಿ. ಭೂಮಿಯ ಗರ್ಭಕ್ಕೆ (ಎಂಟು) ಇಳಿಯುತ್ತಿದ್ದೀರಿ.” ಕಬ್ಬಿಣದ ಬಾಗಿಲು ಬಡಿದ ಸದ್ದು, ಹಗ್ಗ ಜೀಕುವ ಸದ್ದು, ಗಾಳಿ, ಕೊನೆಗೆ ಬಂಡೆ ಕೊರೆಯುವ ಅಬ್ಬರ. ಚಾಂಪಿಯನ್ ರೀಫ್ ನಿಜಕ್ಕೂ ಮೂರು ಕಿಲೋಮೀಟರಿಗೂ ಕೆಳಗೆ ಇಳಿದ ಗಣಿ, ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿ ನಿಂತಿದ್ದು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನಿಂದ ತಣ್ಣಗಾಗಿಸಿದ ಗಾಳಿ ಊದದಿದ್ದರೆ ಮನುಷ್ಯರು ನಿಲ್ಲುವ ಜಾಗವೇ ಅಲ್ಲ. ಇದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ ನಮ್ಮ ಟೋಪಿಯವರೊಬ್ಬರು, ತುಂಬಾ ಬಿಸಿಲಪ್ಪಾ, ನೆರಳಿಗೆ ಹೋಗಿ ಇಳಿಯೋಣವೇ ಎಂದರು. ಇನ್ನೊಬ್ಬರು ಕಣ್ಣು ಮುಚ್ಚಿಕೊಂಡೇ ಎರಡು ಹೆಜ್ಜೆ ಮುಂದಿಟ್ಟು ಚರಂಡಿಗೆ ಇಳಿದರು. ಅವತ್ತು ಭೂಮಿಯ ಒಳಕ್ಕೆ ಇಳಿದವರು ಅವರೊಬ್ಬರೇ.

ಈ ಆಳದ ಬಗ್ಗೆ ದನಿ ಹೇಳದ ಒಂದು ಸಂಗತಿ ಇದೆ. ನನಗೆ ಈ ಊರಿನ ಕತೆಗಳಲ್ಲಿ ಅತ್ಯಂತ ಪ್ರಿಯವಾದದ್ದು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದವರ ಜೊತೆಗೂಡಿ ಇದೇ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಕೆಳಗೆ ಉಪಕರಣ ಇಟ್ಟು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಹಿಡಿದರು. ಅಷ್ಟು ಕೆಳಗೇಕೆ? ಮೇಲೆ ಆಕಾಶದಿಂದ ಸುರಿಯುವ ಬೇರೆ ಕಣಗಳ ಗಲಾಟೆ ಜಾಸ್ತಿ. ಆ ಗಲಾಟೆಯನ್ನು ತಡೆಯಲು ತಲೆಯ ಮೇಲೆ ಎರಡು ಕಿಲೋಮೀಟರು ಬಂಡೆ ಬೇಕು. ಹೊರಗಿನ ಸದ್ದು ಅಡಗಿಸುವುದು ಎಂದರೆ ಇದಪ್ಪಾ. ನಾವು ಗುಂಡಿ ಒತ್ತಿ ಅಡಗಿಸಿಕೊಂಡೆವು.

ಇನ್ನು ಆ ನ್ಯೂಟ್ರಿನೋದ ಗುಣ. ಅದು ಊರು, ಬೆಟ್ಟ, ಮನುಷ್ಯ ಎಲ್ಲದರ ಒಳಗಿಂದಲೂ ತೂರಿಕೊಂಡು ಹೋಗುತ್ತದೆ. ಯಾವುದನ್ನೂ ಮುಟ್ಟುವುದಿಲ್ಲ, ಯಾವುದೂ ಅದನ್ನು ಮುಟ್ಟುವುದಿಲ್ಲ. ಕೋಟಿಗಟ್ಟಲೆ ಹಾದುಹೋದರೆ ಅಪ್ಪಿತಪ್ಪಿ ಒಂದು ಎಲ್ಲಾದರೂ ಡಿಕ್ಕಿ ಹೊಡೆದು ತಾನು ಬಂದಿದ್ದೆ ಎಂದು ಗುರುತು ಬಿಡುತ್ತದೆ. ವಿಜ್ಞಾನಿಗಳು ಇದಕ್ಕಾಗಿ ಪಾತಾಳಕ್ಕೆ ಇಳಿದರು. ಈಗಿನ ವಾರಾಂತ್ಯಗಳಲ್ಲಾಗಿದ್ದರೆ ನಮ್ಮ ಹದಿಮೂರು ಜನರನ್ನು ರಸ್ತೆಬದಿಯಲ್ಲಿ ನಿಂತೇ ಅಳೆಯಬಹುದಿತ್ತು.

ಡಿಕ್ಕಿ ಹೊಡೆಯುವ ಪ್ರಸಂಗ ಮುಂದಿನ ತಿರುವಿನಲ್ಲೇ ಬಂತು. ಅದು ರಾಕ್ ಬರ್ಸ್ಟ್‌ನ ನಿಲುಗಡೆ. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಗುಂಡಿನಂತೆ ಒಡೆಯುತ್ತದೆ. ಕೆಜಿಎಫ್ ಅದಕ್ಕೆ ಕುಖ್ಯಾತ. ಆ್ಯಪ್‌ನಲ್ಲಿ ಡೋಲು, ಸ್ಫೋಟ, ಆಮೇಲೆ ಪಿಟೀಲು. “ಇಲ್ಲಿ ಒಂದು ನಿಮಿಷ ಮೌನವಾಗಿ ನಿಲ್ಲಿ” ಎಂದಿತು ದನಿ. ನಿಂತೆವು. ನಾವು ನಿಂತ ಕಡೆಯೇ ಒಂದು ಲೈನ್ ಮನೆಯ ಮುಂದಿನ ಕಲ್ಲಿನ ಮೇಲೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೂತಿದ್ದರು. ಹದಿಮೂರು ಜನ ತಮ್ಮ ಮನೆಯ ಮುಂದೆ ತಲೆ ತಗ್ಗಿಸಿ ನಿಂತದ್ದು ನೋಡಿ ಗಾಬರಿಯಾಗಿರಬೇಕು, ಎದ್ದು ಬಂದರು.

“ಯಾರು ಹೋದ್ರು ಸಾರ್?”

ಯಾರೂ ಉತ್ತರ ಕೊಡಲಿಲ್ಲ. ಒಂದು ನಿಮಿಷ ಇನ್ನೂ ಮುಗಿದಿರಲಿಲ್ಲ. ನಾನು ಒಂದು ಕಿವಿಯದ್ದು ತೆಗೆದು, ರಾಕ್ ಬರ್ಸ್ಟ್ ಕತೆ ಯಜಮಾನರೇ ಎಂದೆ.

“ಓ, ಅದಾ” ಎಂದವರೇ ಶುರು ಮಾಡಿದರು. ಕೆಳಗೆ ಬಂಡೆ ಒಡೆದರೆ ಮೇಲೆ ಮನೆಯಲ್ಲಿ ಪಾತ್ರೆ ಗಡಗಡ ಅಂತಿತ್ತಂತೆ. ಪಾತ್ರೆ ಸದ್ದಾದ ಕೂಡಲೇ ಅಮ್ಮ ಒಲೆ ಆರಿಸಿಬಿಡುತ್ತಿದ್ದರಂತೆ. ಅಪ್ಪ ಬಂದರೆ ಮತ್ತೆ ಹಚ್ಚುವುದು. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಆದರೆ ಲೈನಿನ ಹೆಂಗಸರೆಲ್ಲ ಶಾಫ್ಟಿನ ಕಡೆ ಓಡುವುದು. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲವಂತೆ. ಯಾಕೆಂದರೆ ಇವಳ ಗಂಡ ಬರಲಿ ಎಂದರೆ...

“ಶ್!”

ನಮ್ಮ ಗುಂಪಿನ ಖಾದಿ ಕುರ್ತಾದವರು. ಕಣ್ಣು ಮುಚ್ಚಿಕೊಂಡೇ ತುಟಿಯ ಮೇಲೆ ಬೆರಳಿಟ್ಟಿದ್ದರು. ಆಮೇಲೆ ಕಣ್ಣು ತೆರೆದು ನಯವಾಗಿಯೇ, “ದಯವಿಟ್ಟು ಒಂದು ನಿಮಿಷ. ಗಣಿ ಕಾರ್ಮಿಕರ ಕತೆ ಕೇಳ್ತಾ ಇದೀವಿ” ಎಂದರು.

ಹಿರಿಯರು ತಕ್ಷಣ ಬಾಯಿ ಮುಚ್ಚಿದರು. “ಸಾರಿ ಸಾರ್” ಎಂದರು. ಮೂವತ್ತು ವರ್ಷ ಮೇಲಿನವರ ಮಾತು ಕೇಳಿ ಅಭ್ಯಾಸವಾದವರು. ನಾನು ಏನಾದರೂ ಅಂದೆನೇ? ಇಲ್ಲ. ಅಕ್ಕನ ಮಗ ಟಿಕೆಟ್ ತೆಗೆಸಿದ್ದ, ಗುಂಪು ಮುಂದೆ ಹೊರಟಿತ್ತು, ನಾನೂ ಹೊರಟೆ. ವ್ಯಂಗ್ಯ ಬರೆಯುವವರ ಧೈರ್ಯವೆಲ್ಲ ಮನೆಗೆ ಹೋಗಿ ಮೇಜಿನ ಮುಂದೆ ಕೂತ ಮೇಲಿನದು.

ಮುಷ್ಕರದ ಬಗ್ಗೆ ದನಿ ಒಂದು ವಾಕ್ಯ ಹೇಳಿತು: “ಅವರಿಗೆ ಕನಸುಗಳಿದ್ದವು... ಹಂಬಲಗಳಿದ್ದವು...” ಮುಗಿಯಿತು. ಅವರಿಗೆ ಇದ್ದದ್ದು ಹಂಬಲವಲ್ಲ, ತಕರಾರು. 1930ರಲ್ಲಿ ಕಂಪನಿಯವರು ಎಲ್ಲ ಕಾರ್ಮಿಕರ ಬೆರಳ ಗುರುತು ತೆಗೆದು ದಾಖಲೆ ಇಡುತ್ತೇವೆಂದರು. ನಾವೇನು ಕಳ್ಳರೇ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಗಣಿ ದಿನಗಟ್ಟಲೆ ನಿಂತಿತು. ಹೊರಗಿನಿಂದ ಬಂದ ನಾಯಕನಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಹೆಬ್ಬೆರಳು ಒತ್ತುವುದಿಲ್ಲ ಎಂದ ಆ ಜನರ ಊರಿನ ಕತೆ ಕೇಳಲು ನಾನು ಬೆಳಿಗ್ಗೆ ಎರಡನೇ ಮಾತಿಲ್ಲದೆ ಹೆಬ್ಬೆರಳು ಒತ್ತಿ ಒಳಗೆ ಬಂದಿದ್ದೆ. ಸಂಪರ್ಕಗಳ ಪಟ್ಟಿಯನ್ನೂ ಕೊಟ್ಟಿದ್ದೆ. ಟೇಲರ್ ಕಂಪನಿಗೆ ಸಾಧ್ಯವಾಗದ್ದು ಒಂದು ಆ್ಯಪ್‌ಗೆ ಸಾಧ್ಯವಾಯಿತು, ಅದೂ ಅವರು ಸಂಬಳ ಕೊಡುವ ಬದಲು ನಾವೇ ದುಡ್ಡು ಕೊಟ್ಟು.

ಹಿನ್ನೆಲೆ ಸಂಗೀತ ಎಂದೆನಲ್ಲ, ಸಿನಿಮಾದ ವಿಷಯಕ್ಕೆ ಬರಲೇಬೇಕು. 2018ರಲ್ಲಿ ‘ಕೆಜಿಎಫ್’ ಬಂದ ಮೇಲೆ ಈ ಊರಿಗೆ ಹೊಸ ಭೂತಕಾಲ ಸಿಕ್ಕಿತು. ಸಿನಿಮಾದ ನರಾಚಿಯಲ್ಲಿ ಗುಲಾಮರಿದ್ದಾರೆ, ರಾಕ್ಷಸರಿದ್ದಾರೆ, ಬಿಡಿಸಲು ಒಬ್ಬ ಗಡ್ಡದ ವೀರನಿದ್ದಾನೆ. ಸಿನಿಮಾದ ಕಾಲಕ್ಕೆ ನಿಜವಾದ ಗಣಿ ಸರ್ಕಾರದ್ದಾಗಿತ್ತು. 1956ರಲ್ಲಿ ಮೈಸೂರು ರಾಜ್ಯ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಕಡತ, ಯೂನಿಯನ್ನು, ಪ್ರಾವಿಡೆಂಟ್ ಫಂಡು ಎಲ್ಲ ಇತ್ತು. ಖಳನಾಯಕನ ಗುಹೆಗಿಂತ ಸರ್ಕಾರಿ ಕಂಪನಿಯಿಂದ ಬಿಡಿಸಿಕೊಂಡು ಬರುವುದು ಕಷ್ಟ, ಆದರೆ ಅದರ ಸಿನಿಮಾ ಓಡುವುದಿಲ್ಲ. ನಮ್ಮ ಗುಂಪಿನ ಹುಡುಗನೊಬ್ಬ ದಾರಿಯಲ್ಲಿ ಹೋಗುತ್ತಿದ್ದವರನ್ನು ನಿಲ್ಲಿಸಿ, ನರಾಚಿಗೆ ಯಾವ ಕಡೆ ಹೋಗಬೇಕು ಎಂದು ಕೇಳಿದ. ಅವರು ಅಭ್ಯಾಸ ಬಲದಿಂದ ಸೈನೈಡ್ ಗುಡ್ಡದ ಕಡೆ ಕೈ ತೋರಿಸಿದರು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದು ಗಾದೆ. ಇಲ್ಲಿ ನೆಲ ಅಗೆದು ಬೆಟ್ಟ ಮಾಡಿದ್ದಾರೆ. ಅದಿರನ್ನು ಪುಡಿಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಊರ ನಡುವೆಯೇ ಸುರಿದರು. ಹದಿಮೂರು ದಿಬ್ಬ, ಹತ್ತಿರ ಹತ್ತಿರ ಮೂರೂಕಾಲು ಕೋಟಿ ಟನ್. ಇಡೀ ಗಣಿ ಕೊಟ್ಟ ಚಿನ್ನ ಸುಮಾರು 800 ಟನ್. ಚಿನ್ನ ಹಡಗು ಹತ್ತಿತು, ದಿಬ್ಬ ಮಾತ್ರ ಕದಲಲಿಲ್ಲ. ಗಾಳಿ ಎದ್ದ ದಿನ ಅದರ ಪುಡಿ ಮನೆಯ ಅನ್ನದ ಮೇಲೆ ಬಂದು ಕೂರುತ್ತದೆ. ದನಿ ಇಲ್ಲಿ ಹೇಳಿದ್ದು: “ದೀರ್ಘವಾಗಿ ಉಸಿರೆಳೆದುಕೊಳ್ಳಿ. ಗಾಳಿ ನಿಮಗೇನು ಹೇಳುತ್ತಿದೆ?” ಗಾಳಿ ಹೇಳುತ್ತಿದ್ದುದು, ಬಾಯಿ ಮುಚ್ಚು ಎಂದು. ಎದುರಿನ ಅಂಗಡಿಯ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ನಾವು ದೀರ್ಘವಾಗಿ ಎಳೆದುಕೊಂಡೆವು.

ಈ ದಿಬ್ಬಗಳಲ್ಲಿ ಇನ್ನೂ ಚಿನ್ನದ ಚೂರುಪಾರು ಉಳಿದಿದೆ. ಚಿನ್ನದ ಬೆಲೆ ಏರಿದಂತೆಲ್ಲ ಕಸಕ್ಕೂ ಮಾನ ಬರುತ್ತದೆ. 2024ರಲ್ಲಿ ರಾಜ್ಯದ ಸಚಿವ ಸಂಪುಟ ಹದಿಮೂರೂ ದಿಬ್ಬ ಹರಾಜು ಹಾಕಲು ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿತು. ಇಷ್ಟು ದಿನ ಊರಿನವರದ್ದಾಗಿದ್ದ ಧೂಳು ಇನ್ನು ಮೇಲೆ ಸರ್ಕಾರದ ಸಂಪತ್ತು. ಉಸಿರಾಡಿದವರಿಂದ ಬಾಡಿಗೆ ಕೇಳದಿದ್ದರೆ ಸಾಕು.

ಅಗೆದು ಖಾಲಿಯಾದ ಹೊಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಏನಾದರೂ ತುಂಬೋಣ ಎನ್ನಿಸುತ್ತದೆ. 2012ರಲ್ಲಿ ಕೂಡಂಕುಳಂನ ಅಣು ತ್ಯಾಜ್ಯವನ್ನು ಇಲ್ಲಿ ಹೂಳಬಹುದು ಎಂಬ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಗಿ, ಊರು ಬೀದಿಗಿಳಿದ ಮೇಲೆ ಕೇಂದ್ರ ಹಾಗೇನಿಲ್ಲ ಎಂದಿತು. ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆ ನೀರು ಬರುತ್ತಿದೆ, ಎರಡು ಹಂತ ಶುದ್ಧೀಕರಿಸಿದ್ದು. ಅಂತರ್ಜಲಕ್ಕೆ ಅದರಿಂದ ಒಳ್ಳೆಯದಾಗಿದೆ ಎನ್ನುವವರಿದ್ದಾರೆ, ಮೂರನೆಯ ಹಂತವೂ ಮಾಡಿ ಕಳಿಸಿ ಎಂದು ಹೋರಾಡುವವರಿದ್ದಾರೆ. ಚಿನ್ನ ಕೊಟ್ಟ ಜಿಲ್ಲೆಗೆ, ದಿನಾ ರೈಲು ತುಂಬ ಆಳು ಕಳಿಸುವ ಊರಿಗೆ, ರಾಜಧಾನಿ ವಾಪಸು ಕೊಡುತ್ತಿರುವುದು ಎರಡು: ಆ ನೀರು ಮತ್ತು ನಾವು. ನೀರಾದರೂ ಎರಡು ಹಂತ ದಾಟಿ ಬರುತ್ತದೆ.

ಕೊನೆಯ ನಿಲುಗಡೆ, 28 ಫೆಬ್ರವರಿ 2001. “ಅಂದು ಗಣಿ... ನಿದ್ದೆಗೆ ಜಾರಿತು.” ಜಾರಲಿಲ್ಲ, ಮುಚ್ಚಿದರು. ಆಳಕ್ಕೆ ಹೋದಷ್ಟೂ ಅದಿರಿನಲ್ಲಿ ಚಿನ್ನ ಕಡಿಮೆ, ಖರ್ಚು ಜಾಸ್ತಿ, ನಷ್ಟದ ಮೇಲೆ ನಷ್ಟ. ಪಂಪು ನಿಂತಿತು, ಸುರಂಗಗಳಲ್ಲಿ ನೀರು ಏರಿತು. ಅದೇ 2001ರಲ್ಲಿ ಜರ್ಮನಿಯ ಎಸ್ಸೆನ್ ಊರಿನ ಜೋಲ್‌ಫರೈನ್ ಎಂಬ ಮುಚ್ಚಿದ ಕಲ್ಲಿದ್ದಲು ಗಣಿಯನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಗಣಿಗೆ ಮೇಸ್ತ್ರಿಗಳನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಳು 2006ರಲ್ಲಿ ಸೇರಿದವು. ಮೇಸ್ತ್ರಿಗಳ ಊರಿನ ಗುಂಡಿಯೂ ಪರಂಪರೆ. ಕೂಲಿಗಳ ಊರಿನದು ಬರೀ ಗುಂಡಿ. ಹಾಗೆ ನೋಡಿದರೆ ನಮ್ಮ ಆ್ಯಪ್‌ನವರನ್ನು ಪೂರ್ತಿ ಬೈಯುವಂತಿಲ್ಲ. ಬೇರೆ ಯಾರೂ ಬಂದಿಲ್ಲದ ಕಡೆ ಅವರಾದರೂ ಬಂದಿದ್ದಾರೆ, ಮೈಕು ಮರೆತು ಬಂದಿದ್ದಾರೆ ಅಷ್ಟೇ.

“ನಿಮ್ಮ ಅನುಭವ ಎಷ್ಟು ಆಳವಾಗಿತ್ತು?” ಎಂದು ಫೋನು ಕೇಳಿತು. ಐದು ನಕ್ಷತ್ರ. ಮೂರು ಕಿಲೋಮೀಟರನ್ನು ಐದು ನಕ್ಷತ್ರದಲ್ಲಿ ಹೇಗೆ ಭಾಗಿಸುವುದೆಂದು ತಿಳಿಯದೆ ಹಾಗೇ ಬಿಟ್ಟೆ. ಉಳಿದವರು ರಾಬರ್ಟ್‌ಸನ್‌ಪೇಟೆಗೆ ಬಿರಿಯಾನಿಗೆ ಹೊರಟರು. ಅಕ್ಕನ ಮಗನನ್ನೂ ಅವರ ಜೊತೆ ಕಳಿಸಿ, ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ, ನಡೆದು ಬಂದ ದಾರಿಯಲ್ಲೇ ವಾಪಸು ಹೋದೆ.

ಹಿರಿಯರು ಲೈನಿನ ಕೊನೆಯ ಟೀ ಅಂಗಡಿಯಲ್ಲಿ ಸಿಕ್ಕಿದರು. ಪಕ್ಕದಲ್ಲಿ ಕೂತು ಎರಡು ಟೀ ಹೇಳಿದೆ. ಅರ್ಧಕ್ಕೆ ನಿಂತ ಆ ಹೆಂಗಸರ ಕತೆ ಕೇಳಬೇಕೆಂದಿದ್ದೆ. ಅವರಿಗೆ ಅದು ಆಗಲೇ ಮರೆತಿತ್ತು, ಕುತೂಹಲವೆಲ್ಲ ನನ್ನ ಕಿವಿಯ ಮೇಲೆ.

“ಅದರಲ್ಲಿ ಏನು ಬರ್ತದೆ ಸಾರ್? ಪಾಟಾ?”

ಎರಡೂ ಅವರ ಕಿವಿಗೇ ಇಟ್ಟು, ಇಳಿಯುವ ಭಾಗವನ್ನು ಹಾಕಿದೆ. ಗಂಭೀರವಾಗಿ ಕೇಳಿದರು. ಕೇಜಿನ ಬಾಗಿಲು ಬಡಿದಾಗ ತಲೆ ಆಡಿಸಿದರು, ಸರಿ ಎಂಬಂತೆ. ‘ಗರ್ಭ’ ಬಂದಾಗ ಯಾರು ಬಸುರಿ ಎಂಬಂತೆ ನನ್ನ ಕಡೆ ನೋಡಿದರು. ಬಂಡೆ ಕೊರೆಯುವ ಅಬ್ಬರ ಬಂದಾಗ ಮುಖ ಗಂಟಿಕ್ಕಿತು. ಒಂದು ಕೈ ಎತ್ತಿ, ಇರು ಎಂದು ಸನ್ನೆ ಮಾಡಿ, ಮತ್ತೆ ಕೇಳಿದರು.

“ಇದು ನಮ್ ಡ್ರಿಲ್ ಅಲ್ಲ ಸಾರ್.”

“ಮತ್ತೆ?”

“ಬೋರ್‌ವೆಲ್ ಲಾರಿ. ಬೋರ್ ಹೊಡೆಯೋ ಸೌಂಡು. ನಮ್ ಜಾಕ್‌ಹ್ಯಾಮರ್ ಹಿಂಗೆ ಬರಲ್ಲ, ಅದು ಎದೇಲಿ ಬರ್ತದೆ. ಇದು ನಮ್ ಅಳಿಯನ ತೋಟದಲ್ಲಿ ಹೊಡೆದ್ರಲ್ಲ, ಅದೇ ಸೌಂಡು. ಸಾವಿರದ ನಾನೂರು ಅಡಿ. ನೀರು ಬರ್ಲಿಲ್ಲ.”

ಕೋಲಾರ ಜಿಲ್ಲೆಯಲ್ಲಿ ಈ ವಿಷಯದಲ್ಲಿ ತಪ್ಪು ಮಾಡುವ ಕಿವಿ ಇರಲಾರದು. ಅಂಗಡಿಯವನೂ ಒಂದು ಕಿವಿಗೆ ಇಟ್ಟುಕೊಂಡು ಕೇಳಿ, ಬೋರೇ ಎಂದು ತೀರ್ಪು ಕೊಟ್ಟ. ಅದೇ ಜಾಗದ ಸದ್ದು ಎಂಬ ಕಾರ್ಡಿಫ್ ಅವರ ನಿಯಮಕ್ಕೆ ಭಂಗವೇನೂ ಬಂದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಹಿರಿಯರು ಕೊನೆಯವರೆಗೂ ಬಿಡದೆ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಕಿವಿಯಿಂದ ತೆಗೆದು, “ಮೇಲೆ ಬರೋದು ಎಲ್ಲಿದೆ ಸಾರ್?” ಎಂದರು.

“ಯಾವುದು?”

“ಇಳಿಯೋದು ಇದೆ. ಶಿಫ್ಟ್ ಮುಗಿದ ಮೇಲೆ ಕೇಜ್ ಹತ್ತೋದು ಇಲ್ವಾ? ಅದೇ ಅಲ್ವಾ ಚೆನ್ನಾಗಿರೋದು. ಮೇಲೆ ಬರ್ತಾ ಬರ್ತಾ ಗಾಳಿ ತಣ್ಣಗಾಗ್ತದೆ, ಯಾರಾದ್ರೂ ಒಬ್ರು ಪಾಟು ಶುರು ಮಾಡ್ತಾರೆ. ಅದು ಮುಂದೆ ಇರ್ಬೇಕು, ನೋಡಿ.”

ನೋಡೋಣವೆಂದರೆ ಅಷ್ಟರಲ್ಲಿ ಪರದೆ ಕಪ್ಪಾಗಿತ್ತು. ನಾನು ಟೀ ಲೋಟ ಕೆಳಗಿಡುವ ಮೊದಲೇ ಅವರು ತಾವೇ ಫೋನು ತೆಗೆದುಕೊಂಡು, ಮೊಮ್ಮಕ್ಕಳು ಮಾಡುವುದನ್ನು ನೋಡಿದ್ದರೇನೋ, ಹೆಬ್ಬೆರಳು ಒತ್ತಿದರು. ಫೋನು ಒಮ್ಮೆ ನಡುಗಿತು. ಮತ್ತೆ ಒತ್ತಿದರು. ಮತ್ತೆ ನಡುಗಿತು. ಏನು ಬರೆದಿದೆ ಎಂದು ನನಗೆ ತೋರಿಸಿದರು.

“ಗುರುತು ಹೊಂದುತ್ತಿಲ್ಲ ಅಂತ” ಎಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. “ನಮ್ ತಾತ ಒತ್ತಲ್ಲ ಅಂದ್ರಂತೆ ಸಾರ್, ಕಂಪನಿಯೋರು ಬೇಡ್ಕೊಂಡ್ರಂತೆ. ನಾನು ಒತ್ತೀನಿ ಅಂದ್ರೆ ಇದು ಬೇಡ ಅಂತದೆ” ಎಂದು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು.